471 ಗಿಡಗಳ ಲೆಕ್ಕ: ಪಂಚಾಯತಿ ಲಿಂಬೆ ತೋಟದ ನಿರ್ವಹಣೆಯನ್ನು ಗುತ್ತಿಗೆಗೆ ಕೊಟ್ಟ ಅನುಭವ

ಮಹಾರಾಷ್ಟ್ರದ ಅಕ್ಕಲಕೋಟೆ ತಾಲ್ಲೂಕಿನ ನಮ್ಮ ಗ್ರಾಮಪಂಚಾಯತಿಯ ಲಿಂಬೆ ತೋಟ ಎರಡು ಹೆಕ್ಟೇರಿನದು. ಗಿಡ ನೆಟ್ಟದ್ದು ಉದ್ಯೋಗ ಖಾತ್ರಿ ಯೋಜನೆಯಲ್ಲಿ, 6 ಮೀಟರ್‌ಗೆ 6 ಮೀಟರ್ ಅಂತರದಲ್ಲಿ. ಖಾತ್ರಿ ಕೆಲಸದಲ್ಲಿ ಗುತ್ತೇದಾರನಿಗೆ ಜಾಗವಿಲ್ಲ, ಕೂಲಿ ನೇರ ಕೂಲಿಕಾರರ ಖಾತೆಗೆ ಹೋಗುತ್ತದೆ. ಹಾಗಾಗಿ ಆ ಅನುದಾನ ಇರುವವರೆಗೆ ಗುತ್ತಿಗೆಯ ಮಾತು ಬರಲಿಲ್ಲ. ಅದು ನಿಂತ ಮೇಲೆ ತೋಟ ಪಂಚಾಯತಿಯ ಹೆಗಲಿಗೆ ಬಿತ್ತು. ಆಮೇಲೆ ಎರಡು ಸಲ ನಿರ್ವಹಣೆಯ ಗುತ್ತಿಗೆ ಕೊಟ್ಟಿದ್ದೇವೆ. ಮೊದಲನೆಯದು ಕೆಟ್ಟಿತು, ಎರಡನೆಯದು ಬಹುಮಟ್ಟಿಗೆ ಸರಿಹೋಯಿತು. ಇಂಥ ತೋಟ ಇಟ್ಟುಕೊಂಡ ಬೇರೆ ಪಂಚಾಯತಿಗಳಿಗೆ ನೆರವಾಗಲೆಂದು ಎರಡರ ವಿವರವನ್ನೂ ತೋಟ ಸಮಿತಿಯವರು ಕೂಡಿ ಬರೆದಿದ್ದೇವೆ.

ಮೊದಲು ನೋಡಬೇಕಾದದ್ದು ಸಾತ್‌ಬಾರಾ ಉತಾರೆ, ಅಂದರೆ ಜಮೀನಿನ ಹಕ್ಕುದಾಖಲೆ. ತೋಟ ಇರುವ ಗಟ್ (ಸರ್ವೆ ನಂಬರಿನ ಜಮೀನು) ಯಾರ ಹೆಸರಿನಲ್ಲಿದೆ, ಪಂಚಾಯತಿಯದೋ, ಗಾಯರಾಣವೋ (ಗೋಮಾಳ), ಅರ್ಧ ಪಕ್ಕದ ರೈತನದೋ? ಗಾಯರಾಣವಾದರೆ ಭೂಮಿ ಸರ್ಕಾರದ್ದು, ಪಂಚಾಯತಿಯ ಕೈಯಲ್ಲಿರುವುದು ನೋಡಿಕೊಳ್ಳುವ ಹೊಣೆ ಮಾತ್ರ. ಆಗ ತಹಶೀಲ್ದಾರರ ಕಚೇರಿಯಿಂದ ಕಾಗದ ತಂದಿಟ್ಟುಕೊಳ್ಳದೆ ಹಣ್ಣಿನ ಹರಾಜಿಗೆ ಇಳಿಯಬಾರದು. ಗಡಿಕಲ್ಲು ಕಾಣದಿದ್ದರೆ ಮೋಜಣಿಗೆ (ಸರ್ವೆ ಅಳತೆಗೆ) ಅರ್ಜಿ ಕೊಡಬೇಕು. ಗುತ್ತೇದಾರ ಬೇಲಿ ಹಾಕಿದ ಮೇಲೆ ಗಡಿಯ ತಕರಾರು ಎದ್ದರೆ ಬೇಲಿ ಕೀಳುವ ಖರ್ಚೂ ಪಂಚಾಯತಿಗೇ ಬರುತ್ತದೆ.

ಎರಡನೆಯದು ಗಿಡ ಎಣಿಸುವುದು. ಮೊದಲ ಸಲ ನಾವು ಎಡವಿದ್ದು ಇಲ್ಲೇ. 6 ಮೀಟರ್ ಅಂತರದಲ್ಲಿ ಹೆಕ್ಟೇರಿಗೆ 277 ಗಿಡ, ಎರಡು ಹೆಕ್ಟೇರಿಗೆ 554. ಅಂದಾಜುಪತ್ರಿಕೆಯಲ್ಲಿ ಈ 554ನ್ನೇ ಬರೆದರು. ನೆಲದ ಮೇಲೆ ಅಷ್ಟು ಗಿಡ ಇರಲಿಲ್ಲ. ಸತ್ತ ಗಿಡದ ಗುಂಡಿಗೂ ಗೊಬ್ಬರ, ನೀರು, ಔಷಧದ ಬಿಲ್ಲು ಬಂತು. ಎರಡನೆಯ ಸಲ ಜನವರಿಯಲ್ಲಿ ಸಾಲು ಸಾಲಾಗಿ ನಡೆದು ಎಣಿಸಿದೆವು. ಜೀವ ಇದ್ದದ್ದು 471. ಪ್ರತಿ ಗಿಡಕ್ಕೂ ತಗಡಿನ ಬಿಲ್ಲೆ ಹಾಕಿ, ಅದರ ಮೇಲೆ ಸಾಲಿನ ಸಂಖ್ಯೆ ಮತ್ತು ಗಿಡದ ಸಂಖ್ಯೆ ಕೊರೆಸಿದೆವು. ಬಿಲ್ಲೆಯನ್ನು ಕಾಂಡಕ್ಕೆ ಮೊಳೆ ಹೊಡೆದು ಕೂರಿಸಬಾರದು, ಆ ಗಾಯದಿಂದಲೇ ಅಂಟು ಸೋರಲು ಶುರುವಾಗುತ್ತದೆ. ಸಡಿಲವಾಗಿ ತಂತಿಯಲ್ಲಿ ಕೊಂಬೆಗೆ ಕಟ್ಟಿ, ವರ್ಷಕ್ಕೊಮ್ಮೆ ತಂತಿ ಬಿಗಿಯಾಗಿದೆಯೇ ಎಂದು ನೋಡಬೇಕು. ಎಣಿಕೆಯ ಪಂಚನಾಮೆಗೆ ಐವರ ಸಹಿ ಹಾಕಿಸಿ, ಗಿಡಗಳನ್ನು ಮೂರು ತರ ಮಾಡಿದೆವು: ಗಟ್ಟಿ ಇರುವವು, ತುದಿ ಒಣಗುತ್ತಿರುವವು, ಕಾಂಡದಲ್ಲಿ ಅಂಟು ಸೋರುವವು. ಗುತ್ತಿಗೆ ಮುಗಿಯುವಾಗ ಗುತ್ತೇದಾರ ಎಂಥ ಗಿಡ ಪಡೆದು ಎಂಥ ಗಿಡ ಒಪ್ಪಿಸಿದ ಎಂಬುದಕ್ಕೆ ಈ ಪಟ್ಟಿಯ ಹೊರತು ಬೇರೆ ಸಾಕ್ಷಿಯಿಲ್ಲ.

ಅಂದಾಜುಪತ್ರಿಕೆಯಲ್ಲಿ "ತೋಟದ ನಿರ್ವಹಣೆ, ಒಟ್ಟು" ಎಂದು ಒಂದೇ ಸಾಲಿನಲ್ಲಿ ಮೊತ್ತ ಬರೆಯಲು ಬಿಡಲೇಬಾರದು. ಒಂದು ಗಿಡಕ್ಕೆ ವರ್ಷದಲ್ಲಿ ಯಾವ ಕೆಲಸ ಎಷ್ಟು ಸಲ ಎಂದು ಬರೆದು, ಅದನ್ನು 471ರಿಂದ ಗುಣಿಸಬೇಕು. ನಮ್ಮ ಲೆಕ್ಕ ಹೀಗಿತ್ತು. ಕೊಟ್ಟಿಗೆ ಗೊಬ್ಬರ ಗಿಡಕ್ಕೆ 20 ಕೆ.ಜಿ., ಒಟ್ಟು 9,420 ಕೆ.ಜಿ. ಒಂದು ಟ್ರಾಲಿಗೆ ಎರಡೂವರೆ ಟನ್ ಎಂದು ಹಿಡಿದರೆ ನಾಲ್ಕು ಟ್ರಾಲಿಗೆ ಸ್ವಲ್ಪ ಕಡಿಮೆ. ಮಣ್ಣು ಪರೀಕ್ಷೆಯ ವರದಿ ನೋಡಿ ತಾಲ್ಲೂಕು ಮಟ್ಟದ ಪಂಚಾಯತ್ ಸಮಿತಿಯ ಕೃಷಿ ಅಧಿಕಾರಿ ಗಿಡಕ್ಕೆ 600 ಗ್ರಾಂ ಸಾರಜನಕ ಬರೆದುಕೊಟ್ಟರು. ಯೂರಿಯಾದಲ್ಲಿ ಸಾರಜನಕ ಶೇ. 46, ಹಾಗಾಗಿ ಗಿಡಕ್ಕೆ 1.3 ಕೆ.ಜಿ. ಯೂರಿಯಾ, ತೋಟಕ್ಕೆ 612 ಕೆ.ಜಿ. ಅಂದರೆ 45 ಕೆ.ಜಿ.ಯ 14 ಚೀಲ, ಮೂರು ಕಂತಿನಲ್ಲಿ. ಈ ಲೆಕ್ಕ ಕೈಯಲ್ಲಿದ್ದರೆ ತಪಾಸಣೆ ಸುಲಭ: ಖಾಲಿ ಚೀಲ ಎಣಿಸಿದರೆ ಮುಗಿಯಿತು. ಆರು ಚೀಲ ತೋರಿಸಿ ಇಡೀ ತೋಟಕ್ಕೆ ಹಾಕಿದೆವು ಎಂದರೆ ಒಪ್ಪುವ ಪ್ರಶ್ನೆಯೇ ಇಲ್ಲ.

ನೀರಿನ ಲೆಕ್ಕದಲ್ಲಿ ಎಲ್ಲರೂ ಕೈ ಹಿಡಿತ ಮಾಡುತ್ತಾರೆ. ಬೇಸಿಗೆಯಲ್ಲಿ ಬೆಳೆದ ಗಿಡಕ್ಕೆ ದಿನಕ್ಕೆ 60 ಲೀಟರ್ ಹಿಡಿದರೆ ತೋಟಕ್ಕೆ 28,000 ಲೀಟರ್ ದಾಟುತ್ತದೆ. 10,000 ಲೀಟರಿನ ಟ್ಯಾಂಕರ್ ಆದರೆ ಸುಮಾರು ಮೂರು ಖೇಪು. ಮೊದಲ ಸಲದ ಅಂದಾಜಿನಲ್ಲಿ ಒಂದೇ ಖೇಪು ಬರೆದಿತ್ತು. ಆ ದರಕ್ಕೆ ಒಪ್ಪಿ ಬಂದವನು ನೀರನ್ನಲ್ಲದೆ ಇನ್ನೇನನ್ನು ಕಡಿಮೆ ಮಾಡಿಯಾನು? ಅದು ಅವನ ತಪ್ಪಿಗಿಂತ ನಮ್ಮ ತಪ್ಪು. ಬೋರ್‌ವೆಲ್ಲಿಗೆ ಡ್ರಿಪ್ ಇದ್ದರೆ ಗಿಡಕ್ಕೆ ಗಂಟೆಗೆ 8 ಲೀಟರ್ ಬಿಡುವ ನಾಲ್ಕು ಡ್ರಿಪ್ಪರ್, ಎರಡು ಗಂಟೆಗೆ 64 ಲೀಟರ್. ಡ್ರಿಪ್ಪರ್ ಇರಬೇಕಾದದ್ದು ಹರವಿನ (ಕೊಂಬೆಗಳು ಹರಡಿದ ಸುತ್ತಿನ) ಅಂಚಿನ ಕೆಳಗೆ. ಗಿಡ ಚಿಕ್ಕದಿದ್ದಾಗ ಬುಡದ ಹತ್ತಿರ ಇಟ್ಟ ಡ್ರಿಪ್ಪರ್ ಬಹಳ ತೋಟಗಳಲ್ಲಿ ಇಂದಿಗೂ ಅಲ್ಲೇ ಇದೆ. ಕಾಂಡ ಸದಾ ಹಸಿಯಾಗಿದ್ದರೆ ಬುಡದಲ್ಲಿ ಅಂಟು ರೋಗ ಬರುತ್ತದೆ. ಅದನ್ನು ತರುವ ಫೈಟಾಫ್ತೊರಾ ಶಿಲೀಂಧ್ರಕ್ಕೆ ನಿಂತ ನೀರೇ ಹಾದಿ. ಹಾಯಿಸುವ ನೀರಾದರೆ ಜೋಡಿ ಉಂಗುರದ ಪಾತಿ ಎಂದು ಕರಾರಿನಲ್ಲಿ ಬರೆಯಬೇಕು: ಕಾಂಡದ ಸುತ್ತ ಎರಡು ಅಡಿ ಅಗಲಕ್ಕೆ ಮಣ್ಣು ಏರಿಸಿ, ಅದರಾಚೆ ಹರವಿನ ಅಂಚಿನವರೆಗೆ ನೀರು ನಿಲ್ಲುವ ಪಾತಿ. ಅಗೆತದ ಆಳ ನಾಲ್ಕರಿಂದ ಆರು ಇಂಚು ಸಾಕು. ಲಿಂಬೆಯ ಉಣ್ಣುವ ಬೇರು ಮೇಲಿನ ಒಂದಡಿ ಮಣ್ಣಿನಲ್ಲೇ ಇರುತ್ತದೆ. ಟ್ರ್ಯಾಕ್ಟರಿನ ನೇಗಿಲು ಹರವಿನೊಳಗೆ ಬಂದರೆ ಬೇರು ಹರಿದು, ಮುಂದಿನ ಬೇಸಿಗೆಗೆ ತುದಿ ಒಣಗುವುದು ಕಾಣುತ್ತದೆ.

ಬುಡಕ್ಕೆ ಬಳಿಯುವ ಬೋರ್ಡೋ ಮುಲಾಮಿನ ಬಗ್ಗೆ ತುಸು ಹೆಚ್ಚೇ ಹೇಳಬೇಕು. 1 ಕೆ.ಜಿ. ಮೈಲುತುತ್ತ (ನಮ್ಮ ಕಡೆ ಮೋರಚೂದ ಎನ್ನುತ್ತಾರೆ), 1 ಕೆ.ಜಿ. ಸುಣ್ಣ, 10 ಲೀಟರ್ ನೀರು. ಮೈಲುತುತ್ತವನ್ನು ಪ್ಲಾಸ್ಟಿಕ್ ಅಥವಾ ಮಣ್ಣಿನ ಪಾತ್ರೆಯಲ್ಲಿ ಬೇರೆ, ಸುಣ್ಣವನ್ನು ಬೇರೆ ಕರಗಿಸಬೇಕು. ಕಬ್ಬಿಣದ ಡಬ್ಬಿ ಬೇಡ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತ ಕದಡಬೇಕು. ಉಜ್ಜಿ ತೊಳೆದ ಕಬ್ಬಿಣದ ಚಾಕು ಅದ್ದಿ ತೆಗೆದಾಗ ಕೆಂಪು ಲೇಪ ಹಿಡಿದರೆ ಸುಣ್ಣ ಸಾಲದು, ಇನ್ನಷ್ಟು ಹಾಕಬೇಕು. ಮಾಡಿದ ದಿನವೇ ಬಳಿದು ಮುಗಿಸಬೇಕು. ನೆಲದಿಂದ ಎರಡೂವರೆ ಅಡಿ ಎತ್ತರಕ್ಕೆ ಬಳಿದರೆ ಗಿಡಕ್ಕೆ ಮುಕ್ಕಾಲು ಲೀಟರ್ ಹಿಡಿಯುತ್ತದೆ. ತೋಟಕ್ಕೆ 350 ಲೀಟರ್, ಅಂದರೆ ಒಂದು ಸಲಕ್ಕೆ 35 ಕೆ.ಜಿ. ಮೈಲುತುತ್ತ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ, ವರ್ಷಕ್ಕೆ 70 ಕೆ.ಜಿ.

ಮೊದಲ ಗುತ್ತಿಗೆಯಲ್ಲಿ ಬುಡಕ್ಕೆ ಬಳಿದದ್ದು ಗೇರು (ಕೆಮ್ಮಣ್ಣು) ಮತ್ತು ಸುಣ್ಣ. ರಸ್ತೆ ಬದಿಯ ಮರಗಳಿಗೆ ಬಳಿಯುವಂತೆ ಕೆಂಪು ಪಟ್ಟೆ, ಬಿಳಿ ಪಟ್ಟೆ. ಫೋಟೊದಲ್ಲಿ ಅಂದವಾಗಿ ಕಂಡಿತು, ಬಿಲ್ಲೂ ಪಾಸಾಯಿತು. "ಗಿಡಕ್ಕ ಔಷಧ ಹಚ್ಚೀವ್ರೀ ಸಾಹೇಬ್ರ" ಎಂದು ಕೂಲಿಯವರು ಹೇಳಿದ್ದು ಸುಳ್ಳಲ್ಲ, ಅವರಿಗೆ ಕೊಟ್ಟ ಡಬ್ಬಿಯಲ್ಲಿ ಇದ್ದದ್ದೇ ಅದು. ಗೇರಿನಿಂದ ಶಿಲೀಂಧ್ರ ಸಾಯುವುದಿಲ್ಲ. ಆ ಮಳೆಗಾಲ ಕಳೆಯುವಷ್ಟರಲ್ಲಿ ಅಂಟು ಸೋರುವ ಗಿಡಗಳು ಇಮ್ಮಡಿಯಾದವು. ಈಗ ಕರಾರಿನಲ್ಲಿ "ಆಕಾಶನೀಲಿ ಬಣ್ಣದ ಬೋರ್ಡೋ ಮುಲಾಮು, ಸಮಿತಿಯ ಇಬ್ಬರ ಎದುರಿನಲ್ಲಿ ತಯಾರಿಸತಕ್ಕದ್ದು" ಎಂದೇ ಬರೆಯುತ್ತೇವೆ.

ಒಣಕೊಂಬೆ ಸವರುವುದು ಹಣ್ಣು ಇಳಿದ ಮೇಲೆ, ಮೃಗಶಿರಾ ಮಳೆಗೆ ಮುಂಚೆ. ಒಣಗಿದ ಭಾಗದ ಕೆಳಗೆ ಒಂದಿಂಚು ಹಸಿ ಕಟ್ಟಿಗೆ ಸೇರಿಸಿ ಕತ್ತರಿಸಿ, ಗಾಯಕ್ಕೆ ಅದೇ ಮುಲಾಮು ಹಚ್ಚಬೇಕು. ಕಾಂಡದ ಬುಡದಿಂದ ನೆಟ್ಟಗೆ ಏಳುವ ನೀರುಚಿಗುರನ್ನು ಕೈಯಿಂದಲೇ ಚಿವುಟಬೇಕು. ತೊಗಟೆ ತಿನ್ನುವ ಹುಳದ ಜಾಲ ಕಂಡರೆ ಜಾಲ ಕೆರೆದು, ತೂತಿನೊಳಗೆ ಪೆಟ್ರೋಲಿನಲ್ಲಿ ಅದ್ದಿದ ಹತ್ತಿ ತುರುಕಿ, ಹಸಿಮಣ್ಣಿನಿಂದ ಮುಚ್ಚಬೇಕು. ನಮ್ಮ ಅನುಭವದಲ್ಲಿ ಇಬ್ಬರು ಆಳು ದಿನಕ್ಕೆ 16 ಗಿಡ ಮಾಡುತ್ತಾರೆ, ಇಡೀ ತೋಟಕ್ಕೆ 60 ಆಳುದಿನ ಬೇಕು. ಸವರಿದ ಕಟ್ಟಿಗೆಯನ್ನು ತೋಟದಲ್ಲಿ ರಾಶಿ ಹಾಕಿ ಬಿಡುವ ರೂಢಿ ಇದೆ. ಅದನ್ನು ಹೊರಗೆ ಸಾಗಿಸಿದ ಮೇಲೆಯೇ ಬಿಲ್ಲಿನ ಅಳತೆ ಎಂದು ಬರೆದಿರಬೇಕು.

ಮಳೆಗಾಲದಲ್ಲಿ ಮಾತ್ರ ಕತ್ತರಿ ಹಿಡಿಯಬಾರದು. ಕಜ್ಜಿ ರೋಗದ ಬ್ಯಾಕ್ಟೀರಿಯಾ ಮಳೆಹನಿಯ ಸಿಡಿತದಿಂದ ಗಾಯಕ್ಕೆ ಇಳಿಯುತ್ತದೆ. ಕಾಯಿಯ ಮೇಲೆ ಹುರುಪು ಎದ್ದರೆ ಇಂಡಿಯಲ್ಲಾಗಲಿ ಸೊಲ್ಲಾಪುರದಲ್ಲಾಗಲಿ ದಲಾಲರು ಚೀಲ ಬಿಚ್ಚಿದೊಡನೆ ದರ ಇಳಿಸುತ್ತಾರೆ. ಮೊದಲ ವರ್ಷ ಕೆಲಸ ಶುರು ಮಾಡುವ ಆದೇಶ ಕೊಟ್ಟದ್ದೇ ಆಗಸ್ಟ್ ಕೊನೆಗೆ. ಗುತ್ತೇದಾರ ಮೊದಲ ಕಂತಿನ ಆಸೆಗೆ ಸೆಪ್ಟೆಂಬರಿನಲ್ಲಿ ಎಲ್ಲ ಗಿಡ ಸವರಿದ. ನಮ್ಮ ಸೊಲ್ಲಾಪುರ ಜಿಲ್ಲೆಯಲ್ಲಿ ಸೆಪ್ಟೆಂಬರೇ ಹೆಚ್ಚು ಮಳೆಯ ತಿಂಗಳು. ಕಜ್ಜಿ ತೋಟವೆಲ್ಲ ಹರಡಿತು. ಲೀಟರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ಎರಡು ಸಲ ಹೊಡೆದು ತಹಬಂದಿಗೆ ತಂದೆವು.

ಆದೇಶ ತಡವಾದದ್ದಕ್ಕೆ ಕಾರಣ ಹಣಕಾಸು ವರ್ಷ. ಏಪ್ರಿಲಿನಲ್ಲಿ ಹೊಸ ವರ್ಷ ಶುರುವಾದ ಮೇಲೆ ಅಂದಾಜು, ಮೇ ತಿಂಗಳ ಮಾಸಿಕ ಸಭೆಯಲ್ಲಿ ಠರಾವು (ನಿರ್ಣಯ), ಜೂನಿನಲ್ಲಿ ಮಂಜೂರಾತಿ, ಆಮೇಲೆ ಟೆಂಡರ್, ಹೀಗೆ ಸಾಗಿದರೆ ಆಗಸ್ಟ್ ತಪ್ಪದು. ಲಿಂಬೆಯ ವರ್ಷ ಬೇರೆ. ಬೇಸಿಗೆಯಲ್ಲಿ ಬೆಲೆ ಬರುವ ಹಣ್ಣು ಹಸ್ತ ಬಹಾರಿನದು, ಅಂದರೆ ಹಸ್ತ ಮಳೆಯ ಹೊತ್ತಿನ ಹೂವಿನದು: ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಹೂವು, ಮಾರ್ಚಿನಿಂದ ಮೇವರೆಗೆ ಕೊಯ್ಲು. ಅಂದರೆ ಪಂಚಾಯತಿಯ ಪುಸ್ತಕ ಮಾರ್ಚ್ 31ಕ್ಕೆ ಮುಚ್ಚುವಾಗ ಗಿಡದ ಮೇಲೆ ಹಣ್ಣು ಇರುತ್ತದೆ, ನೀರಿನ ಅಗತ್ಯವೂ ಆಗಲೇ ಹೆಚ್ಚು. ಅನುದಾನ ಉಳಿಯಬಾರದೆಂದು ಮಾರ್ಚಿನಲ್ಲಿ ಪೂರಾ ಬಿಲ್ಲು ಕೊಟ್ಟುಬಿಟ್ಟರೆ ಏಪ್ರಿಲಿನಲ್ಲಿ ತೋಟದ ಕಡೆ ಯಾರೂ ತಲೆ ಹಾಕುವುದಿಲ್ಲ.

ಎರಡನೆಯ ಸಲ ಜನವರಿಯಲ್ಲಿ ಎಣಿಕೆ, ಫೆಬ್ರುವರಿಯಲ್ಲಿ ಠರಾವು, ಮಾರ್ಚ್‌–ಏಪ್ರಿಲಿನಲ್ಲಿ ಟೆಂಡರ್, ಮೇ ತಿಂಗಳಲ್ಲಿ ಕರಾರು ಮಾಡಿದೆವು. ಗುತ್ತಿಗೆಯ ಅವಧಿ 1 ಜೂನಿನಿಂದ 31 ಮೇವರೆಗೆ. ಬೇಸಿಗೆಯ ನೀರಿನ ಹಣವನ್ನು ಅನುದಾನದ ಬದಲು ಗ್ರಾಮನಿಧಿಯಿಂದ (ಪಂಚಾಯತಿಯ ಸ್ವಂತ ನಿಧಿ) ಕೊಡುವುದೆಂದು ಠರಾವಿನಲ್ಲೇ ಬರೆಸಿದೆವು. ಹಣ್ಣಿನ ಹಣವೂ ಗ್ರಾಮನಿಧಿಗೇ ಜಮಾ ಆಗುವುದರಿಂದ ಇದಕ್ಕೆ ಗ್ರಾಮಸಭೆಯಲ್ಲಿ ತಕರಾರು ಬರಲಿಲ್ಲ. ಒಂದು ಮಾತು: ಗಡಿಯ ನಮ್ಮ ಊರುಗಳಲ್ಲಿ ಠರಾವು, ಕರಾರು ಎಲ್ಲ ಮರಾಠಿಯಲ್ಲಿ ಇರುತ್ತವೆ, ತೋಟದಲ್ಲಿ ದುಡಿಯುವವರು ಕನ್ನಡದವರು. ಶರತ್ತುಗಳನ್ನು ಗ್ರಾಮಸಭೆಯಲ್ಲಿ ಕನ್ನಡದಲ್ಲಿ ಓದಿ ಹೇಳಿದ್ದರಿಂದ, ಬೋರ್ಡೋ ಎಂದರೆ ಏನು, ಎಷ್ಟು ಚೀಲ ಬರಬೇಕು ಎಂಬುದು ಕೂಲಿಕಾರರಿಗೂ ತಿಳಿಯಿತು. ಆಮೇಲೆ ಕೊರತೆಗಳನ್ನು ನಮ್ಮ ಕಿವಿಗೆ ಮೊದಲು ಹಾಕಿದವರು ಅವರೇ.

ಟೆಂಡರಿನ ಮಟ್ಟಿಗೆ ಎರಡು ಲಕೋಟೆಯ ಪದ್ಧತಿ: ಒಂದರಲ್ಲಿ ಕಾಗದಪತ್ರ ಮತ್ತು ಬಯಾನೆ ರಕಮು (ಮುಂಗಡ ಠೇವಣಿ), ಇನ್ನೊಂದರಲ್ಲಿ ದರ. ಹೆಚ್ಚು ಗಮನ ಬೇಡುವುದು ದರ ಕೇಳುವ ರೀತಿ. ಬಾಬುವಾರು, ಅಂದರೆ ಒಂದೊಂದು ಕೆಲಸಕ್ಕೂ ಬೇರೆ ಬೇರೆ, ದರ ಕೇಳಿದರೆ ಜಾಣ ಗುತ್ತೇದಾರರು ಮೊದಲ ಎರಡು ತಿಂಗಳ ಕೆಲಸಕ್ಕೆ, ಅಂದರೆ ಸವರುವುದು, ಪಾತಿ, ಗೊಬ್ಬರಕ್ಕೆ, ದರ ಏರಿಸಿ ಬರೆದು, ಬೇಸಿಗೆಯ ನೀರಿಗೆ ಜುಜುಬಿ ದರ ಹಾಕುತ್ತಾರೆ. ಒಟ್ಟು ಮೊತ್ತ ಎಲ್ಲರಿಗಿಂತ ಕಡಿಮೆ ಕಾಣುತ್ತದೆ. ಸಲೀಸಾದ ಕೆಲಸ ಮುಗಿಸಿ, ಅದರ ಹಣ ಎತ್ತಿ, ಫೆಬ್ರುವರಿಯಲ್ಲಿ ಕೈ ಎತ್ತುತ್ತಾರೆ. ಉಳಿದ ಕೆಲಸದ ಖರ್ಚು ಅವರ ಠೇವಣಿಗಿಂತ ಹೆಚ್ಚಾದರೆ ಜಪ್ತಿಗೂ ಅಂಜುವ ಕಾರಣವಿಲ್ಲ. ಇದಕ್ಕೆ ಮದ್ದು ಶೇಕಡಾ ದರದ ಟೆಂಡರ್, ಲೋಕೋಪಯೋಗಿ ಇಲಾಖೆಯ ಬಿ–1 ನಮೂನೆಯ ಥರದ್ದು. ಬಾಬುಗಳ ದರ ಪಂಚಾಯತಿಯೇ ಬರೆದಿಡುತ್ತದೆ, ಗುತ್ತೇದಾರ ಒಟ್ಟಿನ ಮೇಲೆ ಶೇಕಡಾ ಎಷ್ಟು ಹೆಚ್ಚು ಅಥವಾ ಕಡಿಮೆ ಎಂದಷ್ಟೇ ಹೇಳುತ್ತಾನೆ. ತೀರ ಕಡಿಮೆ ಹೇಳಿದವನಿಂದ ದರದ ವಿವರಣೆ ಬರೆಸಿಕೊಂಡು ಹೆಚ್ಚುವರಿ ಠೇವಣಿ ಕೇಳುವ ಶರತ್ತು ಟೆಂಡರಿನಲ್ಲೇ ಇರಬೇಕು, ಆಮೇಲೆ ಸೇರಿಸಲು ಬರುವುದಿಲ್ಲ.

ಬಿಲ್ಲಿನಲ್ಲಿ ಆದಾಯ ತೆರಿಗೆ ಕಡಿತ ವ್ಯಕ್ತಿಗೆ ಶೇ. 1, ಸಂಸ್ಥೆಗೆ ಶೇ. 2. ಜಿಎಸ್‌ಟಿ ವಿಷಯದಲ್ಲಿ, ಸಂವಿಧಾನದ 243ಜಿ ವಿಧಿಯಡಿ ಬರುವ ಕೆಲಸಗಳಿಗೆ ಪಂಚಾಯತಿಗೆ ಕೊಡುವ ಬರಿಯ ಸೇವೆಗೆ ವಿನಾಯಿತಿ ಇದೆ. ಸಾಮಾನು ಕೂಡಿದ ಸೇವೆಯಾದರೆ ಸಾಮಾನಿನ ಪಾಲು ಒಟ್ಟು ಬೆಲೆಯ ಶೇ. 25 ಮೀರಬಾರದು. ಗೊಬ್ಬರ, ಔಷಧ ಎಲ್ಲ ಒಂದೇ ಗುತ್ತಿಗೆಯಲ್ಲಿ ತುಂಬುವ ಮುನ್ನ ಈ ಲೆಕ್ಕ ಹಾಕಿ ನೋಡಬೇಕು. ನಾವು ಗೊಬ್ಬರದ ಖರೀದಿಯನ್ನು ಬೇರೆ ಮಾಡಿದೆವು.

ಈಗ ಬಹಾರಿನ, ಅಂದರೆ ಹೂವು–ಹಣ್ಣಿನ ಹಂಗಾಮಿನ ಮಾತು, ಎಲ್ಲಕ್ಕಿಂತ ತೊಡಕಿನದು. ಮೊದಲ ವರ್ಷ ನಿರ್ವಹಣೆ ಒಬ್ಬನಿಗೆ, ಹಣ್ಣು ಇನ್ನೊಬ್ಬನಿಗೆ, ಅದೂ ಹೂವಿಗೆ ಮುಂಚೆಯೇ ಹರಾಜಿನಲ್ಲಿ. ಹಣ್ಣು ಹಿಡಿದವನಿಗೆ ಒಂದೇ ಬೆಳೆಯ ಲಾಭ ಬೇಕು. ಅವನು ಅಕ್ಟೋಬರಿನಲ್ಲಿ ವಾಲ್ವ್ ಮುಚ್ಚಿಸಿ ಗಿಡ ಬಾಡಿಸಿದ. ಬಾಡಿಸುವುದು ತಪ್ಪಲ್ಲ, ಹೂವು ಬರಲು ಗಿಡಕ್ಕೆ ಕೆಲವು ದಿನ ನೀರಿನ ತಡೆ ಬೇಕು. ಆದರೆ ನಮ್ಮದು ಮೊರಮಿನ ಮೇಲೆ ಒಂದಡಿ ಮಣ್ಣು. ಆಳದ ಎರೆಭೂಮಿ ತಡೆಯುವಷ್ಟು ದಿನ ಇಲ್ಲಿ ಗಿಡ ತಡೆಯುವುದಿಲ್ಲ. ಎಲೆ ಮುದುಡಿ ನಾಲ್ಕನೇ ಒಂದು ಪಾಲು ಉದುರುವಾಗ ನೀರು ಬಿಡಬೇಕಿತ್ತು. ಅವನು ಇನ್ನೂ ಎರಡು ವಾರ ಎಳೆದ, ತುದಿಗಳು ಒಣಗಿದವು. ನಿರ್ವಹಣೆಯವನು "ನೀರು ನಿಲ್ಲಿಸಿದವ ನಾನಲ್ಲ" ಎಂದ, ಹಣ್ಣಿನವನು "ಗಿಡ ನನ್ನದಲ್ಲ" ಎಂದ. ಕರಾರಿನಲ್ಲಿ ಯಾರ ಹೊಣೆಯೂ ಬರೆದಿರಲಿಲ್ಲ.

ಸೆಪ್ಟೆಂಬರಿನ ಮಳೆಯಲ್ಲಿ ನೀರು ತಡೆದು ಹಸ್ತದ ಹೂವು ತರಿಸುವುದು ಕಷ್ಟ ಎಂಬುದಕ್ಕೇ ಸಂಶೋಧಕರು ಸಿಂಪರಣೆಯ ಕ್ರಮ ಹೇಳಿದ್ದಾರೆ: ಜೂನಿನಲ್ಲಿ ಜಿಬ್ಬರೆಲಿಕ್ ಆಮ್ಲ 50 ಪಿಪಿಎಂ (ಲೀಟರಿಗೆ 50 ಮಿ.ಗ್ರಾಂ), ಸೆಪ್ಟೆಂಬರಿನಲ್ಲಿ ಬೆಳವಣಿಗೆ ತಡೆಯುವ ಸೈಕೋಸೆಲ್ 1,000 ಪಿಪಿಎಂ, ಅಕ್ಟೋಬರಿನಲ್ಲಿ ಪೊಟ್ಯಾಸಿಯಂ ನೈಟ್ರೇಟ್ ಶೇ. 1. ಗಿಡಕ್ಕೆ 6 ಲೀಟರ್ ದ್ರಾವಣ ಹಿಡಿದರೆ ತೋಟಕ್ಕೆ ಸುಮಾರು 2,800 ಲೀಟರ್. ಅದಕ್ಕೆ ಜಿಬ್ಬರೆಲಿಕ್ 140 ಗ್ರಾಂ, ಶೇ. 50ರ ಸೈಕೋಸೆಲ್ 5.6 ಲೀಟರ್, ಪೊಟ್ಯಾಸಿಯಂ ನೈಟ್ರೇಟ್ 28 ಕೆ.ಜಿ. ಜಿಬ್ಬರೆಲಿಕ್ ಪುಡಿ ನೀರಿನಲ್ಲಿ ನೇರ ಕರಗುವುದಿಲ್ಲ, ಮೊದಲು ಸ್ವಲ್ಪ ಸ್ಪಿರಿಟ್ಟಿನಲ್ಲಿ ಕರಗಿಸಿಕೊಳ್ಳಬೇಕು. ಇದನ್ನು ತಿಳಿಯದೆ ಹೊಡೆದರೆ ದುಬಾರಿ ಪುಡಿ ಟ್ಯಾಂಕಿನ ತಳದಲ್ಲಿ ಉಳಿಯುತ್ತದೆ. ಸಿಂಪಡಿಸಿದ ಎರಡು–ಮೂರು ಗಂಟೆಯೊಳಗೆ ಮಳೆ ಬಂದರೆ ಮರುಸಿಂಪರಣೆ ಯಾರ ಖರ್ಚು ಎಂಬುದೂ ಕರಾರಿನಲ್ಲಿ ಇರಲಿ. ನಾವು ಔಷಧ ಪಂಚಾಯತಿಯದು, ಕೂಲಿ ಗುತ್ತೇದಾರನದು ಎಂದು ಹಂಚಿಕೊಂಡೆವು.

ಎರಡನೆಯ ಸಲ ಹಣ್ಣಿನ ಹರಾಜನ್ನು ಜನವರಿಗೆ ಮುಂದೂಡಿದೆವು. ಆಗ ಕಾಯಿ ಗೋಲಿಯಷ್ಟಾಗಿ ಕಣ್ಣಿಗೆ ಕಾಣುತ್ತದೆ, ಹಿಡಿಯುವವನಿಗೂ ಭರವಸೆ ಇರುತ್ತದೆ, ನೀರು ತಡೆಯುವ ಮಾತೂ ಮುಗಿದಿರುತ್ತದೆ. ಸರ್ಕಾರಿ ಸವಾಲಿನ (ಹರಾಜು ಶುರುವಾಗುವ ಕನಿಷ್ಠ ಬೆಲೆಯ) ಮೊತ್ತ ಗೊತ್ತು ಮಾಡಲು 20 ಗಿಡ ಆರಿಸಿ ಕಾಯಿ ಎಣಿಸಿದೆವು, ಸಾಲಿನ ನಡುವಿನವು ಮತ್ತು ಅಂಚಿನವು ಎರಡೂ ಬರುವಂತೆ. ಸವಾಲು ಮುಗಿದ ಕೂಡಲೇ ಶೇ. 25, ಉಳಿದದ್ದು ಮೊದಲ ಕೊಯ್ಲಿಗೆ ಮುಂಚೆ. ವಾಲ್ವಿಗೆ ಕೈ ಹಾಕುವಂತಿಲ್ಲ, ಕೊಂಬೆ ಅಲುಗಿಸಿ ಉದುರಿಸುವಂತಿಲ್ಲ, ಬಲೆ ಕಟ್ಟಿದ ಕೊಕ್ಕೆಯಿಂದ ಕೊಯ್ಯಬೇಕು, 31 ಮೇ ನಂತರ ತೋಟಕ್ಕೆ ಕಾಲಿಡುವಂತಿಲ್ಲ. ಕೊನೆಯ ಶರತ್ತು ಮುಖ್ಯ, ಜೂನಿನ ಸವರುವ ಕೆಲಸಕ್ಕೆ ಗಿಡ ಖಾಲಿ ಸಿಗಬೇಕು. ಹಣ್ಣಿನ ಗುತ್ತಿಗೆಯನ್ನು ಎರಡು–ಮೂರು ವರ್ಷಕ್ಕೆ ಒಟ್ಟಿಗೆ ಕೊಡೋಣ ಎಂಬ ಮಾತು ಪ್ರತಿ ಸಭೆಯಲ್ಲೂ ಬರುತ್ತದೆ. ನಾವು ಒಪ್ಪುವುದಿಲ್ಲ. ಕೊನೆಯ ವರ್ಷದಲ್ಲಿ ಗಿಡವನ್ನು ಹಿಂಡಿ ಹೋಗುವವನನ್ನು ತಡೆಯಲು ಹಗಲಿರುಳು ಕಾವಲು ನಿಲ್ಲಬೇಕಾಗುತ್ತದೆ.

ನಿರ್ವಹಣೆಯ ಹಣ ನಾಲ್ಕು ಕಂತು. ಆಗಸ್ಟ್ ಕೊನೆಗೆ ಸವರಿದ್ದು, ಮುಲಾಮು, ಪಾತಿ, ಮೊದಲ ಗೊಬ್ಬರಕ್ಕೆ. ನವೆಂಬರ್ ಕೊನೆಗೆ ಸಿಂಪರಣೆ ಮತ್ತು ಎರಡನೆಯ ಮುಲಾಮಿಗೆ. ಮಾರ್ಚಿನಲ್ಲಿ ಅಲ್ಲಿಯವರೆಗಿನ ನೀರಿಗೆ. ಉಳಿದದ್ದು ಮೇ ಮುಗಿದ ಮೇಲೆ. ಪ್ರತಿ ಕಂತಿನಲ್ಲಿ ಶೇ. 10 ಹಿಡಿದಿಟ್ಟು, ಮುಂದಿನ ಅಕ್ಟೋಬರಿನವರೆಗೆ ಬಿಡುಗಡೆ ಮಾಡಲಿಲ್ಲ. ಬೇಸಿಗೆಯಲ್ಲಿ ಬೇರಿಗೆ ಆದ ಪೆಟ್ಟು, ಮೇಲೆ ಬಳಿದ ಮುಲಾಮಿನ ಸಾಚಾತನ ಎರಡೂ ಕಾಣುವುದು ಮಳೆಗಾಲ ಕಳೆದ ಮೇಲೆ. ಅಳತೆ ಪುಸ್ತಕದಲ್ಲಿ ಗಿಡದ ಸಂಖ್ಯೆಯ ಪ್ರಕಾರ ಬರೆಯಬೇಕು. 471ನ್ನೂ ನೋಡಲು ಆಗದಿದ್ದರೆ ಚೀಟಿ ಎತ್ತಿ 50 ಗಿಡ ನೋಡಿ, ಅದರಲ್ಲಿ ಎಷ್ಟು ಪಾಲು ಕೆಲಸ ಆಗಿಲ್ಲವೋ ಅಷ್ಟು ಪಾಲು ಇಡೀ ಬಿಲ್ಲಿನಲ್ಲಿ ಕಡಿತ, ಎಂಬ ಶರತ್ತು ಹಾಕಿದ್ದೆವು. ರಸ್ತೆಯಂಚಿನ ಎರಡು ಸಾಲು ಮಾತ್ರ ಚಂದ ಮಾಡಿ ಒಳಗೆ ಬಿಡುವ ಚಾಳಿ ಈ ಒಂದು ಶರತ್ತಿನಿಂದ ನಿಂತಿತು.

ಸತ್ತ ಗಿಡದ ಜಾಗದಲ್ಲಿ ಹೊಸ ಸಸಿ ಹಾಕುವುದನ್ನು ಇದೇ ಗುತ್ತಿಗೆಗೆ ಸೇರಿಸಿ ಪಶ್ಚಾತ್ತಾಪಪಟ್ಟೆವು. ಗುತ್ತೇದಾರ ಸಂತೆಯಿಂದ ತಂದ ಸಸಿಗಳ ಎಲೆಯಲ್ಲೇ ಕಜ್ಜಿ ಇತ್ತು, ವಾಪಸ್ ಕಳಿಸಿದೆವು. ಸಸಿ ಪಂಚಾಯತಿಯೇ ತರಬೇಕು, ಕೃಷಿ ವಿಶ್ವವಿದ್ಯಾಲಯದ ಅಥವಾ ಪರವಾನಗಿ ಇರುವ ನರ್ಸರಿಯಿಂದ, ರಶೀದಿ ಸಹಿತ. ರಾಹುರಿಯ ಸಾಯಿ ಶರಬತಿ ಈ ಭಾಗಕ್ಕೆ ಹೊಂದುತ್ತದೆ. ಅಂಟು ರೋಗದಿಂದ ಸತ್ತ ಗಿಡದ ಗುಂಡಿಯಲ್ಲೇ ನೆಡುವುದಾದರೆ ಹಳೆಯ ಬೇರು ಪೂರಾ ಆರಿಸಿ, ಗುಂಡಿಯನ್ನು ಬೇಸಿಗೆಯ ಬಿಸಿಲಿಗೆ ತೆರೆದಿಟ್ಟು, ಹೊಸ ಮಣ್ಣು ತುಂಬಬೇಕು.

ಅಕ್ಟೋಬರಿನಲ್ಲಿ ಅದೇ ಪಟ್ಟಿ ಹಿಡಿದು ಮತ್ತೆ ಎಣಿಸಿದೆವು. 471ರಲ್ಲಿ 464 ಗಿಡ ಜೀವಂತ. ಹೋದ ಏಳರಲ್ಲಿ ಐದು ಮೊದಲೇ ಅಂಟು ಸೋರುವವು ಎಂದು ಬರೆದಿಟ್ಟವು, ಅವಕ್ಕೆ ಕಡಿತವಿಲ್ಲ. ಉಳಿದ ಎರಡಕ್ಕೆ ಕರಾರಿನ ದರದಂತೆ ಮುರಿದುಕೊಂಡು ಹಿಡಿದಿಟ್ಟ ಹಣ ಬಿಡುಗಡೆ ಮಾಡಿದೆವು.